ಕೀಟನಾಶಕ ಸೇವಿಸಿದ ಜಾನುವಾರುಗಳಿಗೆ ಪ್ರತಿವಿಷ



ಪೈರಿಗೆ ಸಿಂಪಡಿಸುವ ವಿಷವನ್ನು ನಾವು 'ಔಷಧ'ವೆಂದೇ ಕರೆಯುತ್ತೇವೆ. ಬದುವಿನ ಹುಲ್ಲು ಮೇಯ್ದ ಹಸು ಜೊಲ್ಲು ಸುರಿಸಿ, ಭೇದಿಯಾಗಿ, ಮೈ ನಡುಗಿ, ಉಸಿರಿಗೆ ತಿಣುಕುವಾಗ ಆ ಹೆಸರಿನ ಪೊಳ್ಳುತನ ತಿಳಿಯುತ್ತದೆ.

ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್ ಮುಂತಾದ ಆರ್ಗನೋಫಾಸ್ಫೇಟ್ ವರ್ಗದ ವಿಷಗಳಿಗೆ ಅಟ್ರೋಪಿನ್ ಸಲ್ಫೇಟ್ ಮುಖ್ಯ ಪ್ರತಿವಿಷ. ಹಸುವಿಗೆ ಇದರ ಆರಂಭಿಕ ಪ್ರಮಾಣ ಸಾಮಾನ್ಯವಾಗಿ ದೇಹತೂಕದ ಪ್ರತಿ ಕಿಲೋಗೆ 0.25 ಮಿಲಿಗ್ರಾಂ. ಎಂದರೆ 300 ಕಿಲೋ ತೂಕದ ಹಸುವಿಗೆ 75 ಮಿಲಿಗ್ರಾಂ. ಮನುಷ್ಯರ ಚಿಕಿತ್ಸೆಯಲ್ಲಿ ಬಳಸುವ 0.6 ಮಿಲಿಗ್ರಾಂನ ಆಂಪ್ಯೂಲುಗಳಲ್ಲಿ ಲೆಕ್ಕ ಹಾಕಿದರೆ ನೂರಿಪ್ಪತ್ತೈದು! ಔಷಧದ ಅಂಗಡಿಯಿಂದ ಎರಡು ಆಂಪ್ಯೂಲು ತಂದು ಚುಚ್ಚಿಸಿ, 'ಮದ್ದು ಹಿಡಿಯಲಿಲ್ಲ' ಎನ್ನುವುದರಲ್ಲಿ ಅರ್ಥವಿಲ್ಲ. ಪಶುವೈದ್ಯರು ಇದರ ಕಾಲುಭಾಗವನ್ನು ರಕ್ತನಾಳಕ್ಕೆ ನಿಧಾನವಾಗಿಯೂ, ಉಳಿದುದನ್ನು ಚರ್ಮದಡಿಗೂ ನೀಡುತ್ತಾರೆ. ಜೊಲ್ಲು, ಉಸಿರಾಟಗಳನ್ನು ಗಮನಿಸಿ ಕೆಲವು ಗಂಟೆಗಳ ಅಂತರದಲ್ಲಿ ಪುನರಾವರ್ತಿಸುತ್ತಾರೆ. ಪ್ರಮಾಣ ಮೀರಿದರೆ ಮೆಲುಕು ನಿಂತು ಹೊಟ್ಟೆ ಉಬ್ಬರಿಸುವುದರಿಂದ ಇದು ಸ್ವಂತವಾಗಿ ಮಾಡತಕ್ಕ ಕೆಲಸವಲ್ಲ.

ಅಟ್ರೋಪಿನ್ ಸ್ನಾಯುಗಳ ನಡುಕವನ್ನು ನಿಲ್ಲಿಸಲಾರದು. ಅದಕ್ಕೆ ಪ್ರಾಲಿಡಾಕ್ಸಿಮ್ ಬೇಕು: ಕಿಲೋಗೆ 20ರಿಂದ 50 ಮಿಲಿಗ್ರಾಂ, ಅದೂ ಬೇಗನೆ. ತಡವಾದಷ್ಟೂ ಅದರ ಪ್ರಯೋಜನ ಕುಗ್ಗುತ್ತದೆ. ಕಾರ್ಬರಿಲ್‌ನಂತಹ ಕಾರ್ಬಮೇಟ್ ವಿಷಕ್ಕಾದರೆ ಅಟ್ರೋಪಿನ್ ಸಾಕು, ಪ್ರಾಲಿಡಾಕ್ಸಿಮ್ ನೀಡುವುದಿಲ್ಲ.

ವಿಷದ ಹೆಸರು ತಿಳಿಯುವುದು ಏಕೆ ಮುಖ್ಯವೆಂಬುದಕ್ಕೆ ಎಂಡೋಸಲ್ಫಾನ್ ಉದಾಹರಣೆ. ಕಾಸರಗೋಡಿನ ಎಣ್ಮಕಜೆಯ ಕನ್ನಡಿಗರಿಗೆ ಈ ಹೆಸರನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಅಲ್ಲಿನ ಗೇರು ತೋಟಗಳ ಮೇಲೆ 2000ದವರೆಗೂ ಅದನ್ನು ಹೆಲಿಕಾಪ್ಟರಿನಿಂದ ಸುರಿಯಲಾಯಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಡೆಯಿತು. ಅದಕ್ಕೆ ನಿರ್ದಿಷ್ಟ ಪ್ರತಿವಿಷವೇ ಇಲ್ಲ. ಸೆಳವನ್ನು ಹತೋಟಿಗೆ ತಂದು, ಒಳಗೆ ಸೇರಿದ ವಿಷವನ್ನು ಹೊರಹಾಕಲು ಯತ್ನಿಸುವುದಷ್ಟೇ ವೈದ್ಯರ ಕೈಯಲ್ಲಿರುತ್ತದೆ.

ಆದುದರಿಂದ 1962ಕ್ಕೆ ದೂರವಾಣಿ ಮಾಡುವಾಗ ಡಬ್ಬಿಯ ಮೇಲಿನ ಹೆಸರನ್ನೂ ಹಸುವಿನ ಅಂದಾಜು ತೂಕವನ್ನೂ ತಿಳಿಸಿರಿ. ಎದೆಯ ಸುತ್ತಳತೆಯನ್ನು ಅಂಗುಲಗಳಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಮತ್ತೆ ದೇಹದ ಉದ್ದದಿಂದ ಗುಣಿಸಿ 660ರಿಂದ ಭಾಗಿಸಿದರೆ ತೂಕ ಕಿಲೋಗಳಲ್ಲಿ ದೊರೆಯುತ್ತದೆ. 60 ಅಂಗುಲ ಸುತ್ತಳತೆ, 55 ಅಂಗುಲ ಉದ್ದವಿದ್ದರೆ 300 ಕಿಲೋ. ವೈದ್ಯರು ಬರುವವರೆಗೆ ಮೈಗೆ ಅಂಟಿದ ವಿಷವನ್ನು ಕೈಗವಸು ಧರಿಸಿ ಸೋಪಿನ ನೀರಿನಿಂದ ತೊಳೆಯಿರಿ. ಎಣ್ಣೆಯನ್ನಾಗಲಿ ಮಜ್ಜಿಗೆಯನ್ನಾಗಲಿ ಗೊಟ್ಟದಲ್ಲಿ ಹೊಯ್ಯಬೇಡಿರಿ. ಜೊಲ್ಲು ಸುರಿಸುವ ಹಸುವಿನ ಶ್ವಾಸಕೋಶಕ್ಕೆ ಅದು ಇಳಿದೀತು. ವೈದ್ಯರು ಅನುಮತಿಸುವವರೆಗೆ ಅದರ ಹಾಲನ್ನು ಕರುವಿಗೂ ಕುಡಿಸಬಾರದು.