ಅಚ್ಚಾಗದ ಕರಪತ್ರ
(ಯಶವಂತಪುರದ ಯುವಕರ ಸಭೆಯಲ್ಲಿ ಆಡಿದ ಮಾತು)



ನಾನು ಭಾಷಣಕಾರನಲ್ಲ. ಪಿಯುಸಿ ಓದಿ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡವನು. 2018ರ ಮೇ ತಿಂಗಳಲ್ಲಿ ನಮ್ಮ ಹುಡುಗರೇ ನಾಲ್ವರು ಪ್ರೆಸ್ಸಿಗೆ ಬಂದರು. ‘ಅಣ್ಣ, ಮಕ್ಕಳ ಕಳ್ಳರು ನುಗ್ಗಿದ್ದಾರೆ, ಎರಡು ಸಾವಿರ ಕರಪತ್ರ ಇವತ್ತೇ ಬೇಕು’ ಅಂದರು. ಆಧಾರ? ವಾಟ್ಸಾಪಿನ ಒಂದು ಸಂದೇಶ. ಕಳ್ಳರ ಗುರುತು? ‘ಹಿಂದಿ ಮಾತಾಡ್ತಾರೆ.’ ನಮ್ಮ ರೈಲು ನಿಲ್ದಾಣದಲ್ಲಿ ಇಳಿಯುವ ಎಷ್ಟು ಜನಕ್ಕೆ ಈ ಗುರುತು ಹೊಂದುತ್ತದೆ, ನೀವೇ ಲೆಕ್ಕ ಹಾಕಿ!

ಸತ್ಯ ಹೇಳುತ್ತೇನೆ, ನಾನೂ ಕಂಪೋಸ್ ಮಾಡಲು ಕುಳಿತಿದ್ದೆ. ಮನೆಯಲ್ಲಿ ಮಗಳಿದ್ದಾಳೆ, ಹೆದರಿಕೆ ನನಗೂ ಇತ್ತು. ಯಾಕೋ ಮನಸ್ಸು ತಡೆಯದೆ ಬೀಟ್ ಪೇದೆಗೆ ಫೋನ್ ಮಾಡಿದೆ. ‘ಒಂದು ದೂರೂ ಬಂದಿಲ್ಲ, ಬರೀ ಸುಳ್ಳು, ಅಚ್ಚು ಹಾಕಬೇಡಿ’ ಅಂದರು. ನಿಲ್ಲಿಸಿದೆ. ಹುಡುಗರು ಮುನಿಸಿಕೊಂಡು ಹೋದರು.

ಕೆಲವೇ ದಿನಕ್ಕೆ, 23ರಂದು, ಚಾಮರಾಜಪೇಟೆಯಲ್ಲಿ ಇದೇ ಸುಳ್ಳು ನಂಬಿದ ಗುಂಪು ರಾಜಸ್ಥಾನದಿಂದ ದುಡಿಯಲು ಬಂದಿದ್ದ 26ರ ಹರೆಯದ ಯುವಕನನ್ನು ಕಟ್ಟಿಹಾಕಿ ಹೊಡೆಯಿತು. ಸತ್ತೇಹೋದ. ಅವನು ಯಾರ ಮಗುವನ್ನೂ ಕದ್ದಿರಲಿಲ್ಲ. ನನ್ನ ಕರಪತ್ರ ಇಲ್ಲಿ ಹಂಚಿದ್ದರೆ?

ಕನ್ನಡ ಬೋರ್ಡಿಗೆ ಜಗಳವಾಡೋಣ, ಕೆಲಸಕ್ಕೆ ಜಗಳವಾಡೋಣ. ಕನ್ನಡ ಬಾರದ್ದು ಕಳ್ಳತನಕ್ಕೆ ಸಾಕ್ಷಿಯಲ್ಲ.

2017ರಲ್ಲಿ ರಾಜ್ಯದ ಪೊಲೀಸರು ಬೀಟಿಗೊಬ್ಬ ಪೇದೆ, ಜೊತೆಗೆ ನಾಗರಿಕರ ಸಮಿತಿ ಎಂಬ ಏರ್ಪಾಡು ತಂದರು. ನಿಮ್ಮ ಬೀದಿಯ ಬೀಟ್ ಪೇದೆಯ ಹೆಸರು ಗೊತ್ತಿರುವವರು ಕೈ ಎತ್ತಿ... ಮೂರೇ ಕೈ! ಮತ್ತೆ ಯಾರಿಗೆ ಫೋನ್ ಮಾಡುತ್ತೀರಿ?

ಅನುಮಾನ ಬಂದರೆ 112. ಮಗು ಒಂಟಿಯಾಗಿ ಸಿಕ್ಕರೆ 1098. ಈ ನಂಬರುಗಳನ್ನು ಕನ್ನಡದಲ್ಲಿ ಅಚ್ಚು ಹಾಕಿ ತಂದಿದ್ದೇನೆ. ಬೀಟ್ ಪೇದೆಯ ಹೆಸರು ಬರೆದುಕೊಳ್ಳಲು ಕೆಳಗೆ ಜಾಗ ಬಿಟ್ಟಿದೆ. ಕಟ್ಟು ಬಾಗಿಲ ಬಳಿ ಇದೆ, ಹೋಗುವಾಗ ಬೀದಿಗೆ ನೂರರಂತೆ ಎಣಿಸಿಕೊಳ್ಳಿ.