ನಿಲ್ಲಬೇಕಾದ ಕಡೆ ನಿಲ್ಲುವ ಬಿಳಿ ರಕ್ತಕಣ

ಮಕ್ಕಳೇ, ನಾನು ಓದಿದ್ದು ಬಿ.ಇ.; ಆದರೂ ಇಂದು ರಕ್ತದ ಬಗ್ಗೆ ಎರಡು ಮಾತು ಹೇಳುತ್ತೇನೆ.

ಮೊಣಕಾಲು ತರಚಿ ಸೋಂಕಾದರೆ ಊತ ಬರುತ್ತದೆ. ಅಲ್ಲಿನ ರಕ್ತನಾಳದ ಒಳಗೋಡೆಯಲ್ಲಿ ಸೆಲೆಕ್ಟಿನ್ ಎಂಬ ಪ್ರೋಟೀನ್ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಸಿಕ್ಕಿದ ಬಿಳಿ ರಕ್ತಕಣ ನಿಧಾನವಾಗಿ ಗೋಡೆಯ ಮೇಲೆ ಉರುಳುತ್ತದೆ. ಆಮೇಲೆ ಕಣದ ಮೇಲಿನ ಇಂಟೆಗ್ರಿನ್ ಗೋಡೆಯನ್ನು ಬಿಗಿಯಾಗಿ ಹಿಡಿಯುತ್ತದೆ. ಕಣ ನಿಂತು, ಗೋಡೆಯೊಳಗಿಂದ ನುಸುಳಿ ಹೊರಬಂದು, ರೋಗಾಣುವನ್ನು ನುಂಗುತ್ತದೆ.

ಅಪರೂಪಕ್ಕೆ ಕೆಲವು ಶಿಶುಗಳಿಗೆ ಹುಟ್ಟಿನಿಂದಲೇ ಈ ಇಂಟೆಗ್ರಿನ್ ಕೊರತೆ. ರಕ್ತದಲ್ಲಿ ಬಿಳಿ ಕಣಗಳು ಹೆಚ್ಚೇ ಇದ್ದರೂ, ಹೂಡಿ ಹಾಲ್ಟ್‌ನಲ್ಲಿ ನಿಲ್ಲದ ಎಕ್ಸ್‌ಪ್ರೆಸ್ ರೈಲಿನಂತೆ ಸಾಗಿಬಿಡುತ್ತವೆ. ಗಾಯದಲ್ಲಿ ಕೀವಾಗದು, ಗಾಯ ಬೇಗ ಮಾಯದು.

ಹುಟ್ಟಿ 3 ವಾರವಾದರೂ ಹೊಕ್ಕುಳಬಳ್ಳಿ ಉದುರದಿದ್ದರೆ, ಸೋಂಕು ಮರುಕಳಿಸಿದರೆ ವೈದ್ಯರಿಗೆ ತೋರಿಸಿ. ತೀವ್ರ ಕೊರತೆಗೆ ಅಸ್ಥಿಮಜ್ಜೆ ಕಸಿ ಇದೆ. ಬೇಗ ಗೊತ್ತಾದರೆ ಮಗು ಉಳಿಯಬಹುದು. ಮನೆಯಲ್ಲಿ ಹೇಳಿ.