ನಮ್ಮ ಗಂಟಿನ ಮನೆವಾರ್ತೆಯವರು

(ನಾಂದಣಿಯಲ್ಲಿ ಸೇರಿದ ಕಾರ್ಮಿಕ ಕೂಟದಲ್ಲಿ ಮಾಡಿದ ಭಾಷಣ)



ಇಲ್ಲಿ ಕೂತಿರುವ ಕೆಲವರು ಕಾಫಿ ತೋಟದ ಲೈನುಗಳಿಂದ ರಾತ್ರಿಯೆಲ್ಲಾ ಪ್ರಯಾಣ ಮಾಡಿ ನಾಂದಣಿಗೆ ಬಂದಿದ್ದೀರಿ. ಕೆಲವರ ಮಕ್ಕಳು ಪಕ್ಕದ ಇಚಲಕರಂಜಿಯ ಮಗ್ಗದ ಶೆಡ್ಡುಗಳಲ್ಲಿ ದುಡಿಯುತ್ತಿದ್ದಾರೆ. ತೋಟದವರಿಗೂ ಮಗ್ಗದವರಿಗೂ ಸಂಬಂಧಪಟ್ಟ ಒಂದು ಸಂಗತಿಯನ್ನು ಈ ಹೊತ್ತು ಮಾತಾಡಬೇಕೆಂದು ಹಿರಿಯರು ಹೇಳಿದ್ದಾರೆ. ಸಂಬಳದಲ್ಲಿ ತಿಂಗಳು ತಿಂಗಳು 'ಪಿ.ಎಫ್.' ಎಂದು ಹಿಡಿಯುತ್ತಾರಲ್ಲ, ಆ ಹಣ ಯಾರ ಕೈಯಲ್ಲಿದೆ? ಅವರ ಹತ್ತಿರ ಲೆಕ್ಕ ಕೇಳುವವರು ಯಾರು?

ನಮ್ಮ ದೊಡ್ಡಮ್ಮ ಎರಡು ತೋಟಗಳಲ್ಲಿ ಒಟ್ಟು 26 ವರ್ಷ ಕೆಲಸ ಮಾಡಿದರು. ಮೊದಲನೆಯ ತೋಟದ ರೈಟರು ದೀಕ್ಷಾಸ್ನಾನದ ಹೆಸರನ್ನು ಬರೆದುಕೊಂಡಿದ್ದರು, ಎರಡನೆಯ ತೋಟದವರು ಲೈನಿನಲ್ಲಿ ಕರೆಯುವ ಹೆಸರನ್ನು. ಕೆಲಸ ಬಿಟ್ಟಾಗ ಎರಡನೆಯ ತೋಟದ ಹಣ ಬಂತು. ಮೊದಲನೆಯ 11 ವರ್ಷದ್ದು ಬರಲಿಲ್ಲ. ಇಬ್ಬರೂ ಒಬ್ಬರೇ ಎಂದು ತೋರಿಸಲು ಸಭಾಪಾಲಕರ ಪತ್ರ, ಮೇಸ್ತ್ರಿಯ ಸಾಕ್ಷಿ, ಹಳೆಯ ರೇಷನ್ ಕಾರ್ಡು ಎಲ್ಲಾ ಹಿಡಿದುಕೊಂಡು ನಾಲ್ಕು ವರ್ಷ ಓಡಾಡಿದೆವು. ಹಣ ಬಂತು, ಅವರನ್ನು ಮಣ್ಣು ಮಾಡಿದ ಮೇಲೆ. ಅಷ್ಟು ವರ್ಷಗಳಲ್ಲಿ ಒಂದು ಸಲವೂ ಅವರು ಲೆಕ್ಕ ಕೇಳಿರಲಿಲ್ಲ. ಕೇಳಿದರೆ ದೊರೆಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದರು. ಅದು ದೊರೆಯ ಹಣವಲ್ಲ, ತನ್ನದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಎರಡನೆಯ ಅರಸುಗಳ ಪುಸ್ತಕದಲ್ಲಿ ಯೆಹೋವಾಷನ ಕಾಲದ ಒಂದು ಸಂಗತಿ ಇದೆ. ದೇವಾಲಯದ ರಿಪೇರಿಗೆಂದು ಜನರು ಕೊಟ್ಟ ಹಣ ಯಾಜಕರ ಕೈ ಸೇರುತ್ತಿತ್ತು. ಅರಸನ ಇಪ್ಪತ್ತಮೂರನೆಯ ವರ್ಷ ಬಂದರೂ ಗೋಡೆಯ ಬಿರುಕು ಹಾಗೇ ಇತ್ತು. ಆಗ ಒಂದು ಪೆಟ್ಟಿಗೆ ತಂದು, ಮುಚ್ಚಳಕ್ಕೆ ತೂತು ಮಾಡಿ, ಯಜ್ಞವೇದಿಯ ಪಕ್ಕದಲ್ಲಿಟ್ಟರು. ತುಂಬಿದಾಗ ಎಣಿಸಲು ಅರಸನ ಲೇಖಕನೂ ಮಹಾಯಾಜಕನೂ ಇಬ್ಬರೂ ಬರಬೇಕಾಯಿತು. ಕೊನೆಯಲ್ಲಿ, ಕೆಲಸ ಮಾಡಿಸುವವರ ಹತ್ತಿರ ಲೆಕ್ಕ ಕೇಳಲಿಲ್ಲ, ಅವರು ನಂಬಿಗಸ್ತರಾಗಿದ್ದರು ಎಂದೂ ಇದೆ. ಇದೊಂದನ್ನೇ ಹಿಡಿದುಕೊಂಡು ಲೆಕ್ಕ ಕೇಳುವುದು ಅಪನಂಬಿಕೆ ಎನ್ನುವವರೂ ಉಂಟು. ಅವರು ಪೆಟ್ಟಿಗೆಯನ್ನೂ ಎಣಿಸಿದ ಇಬ್ಬರನ್ನೂ ಮರೆಯುತ್ತಾರೆ. ಯೆರೂಸಲೇಮಿನ ಬಡವರಿಗಾಗಿ ಎತ್ತಿದ ಹಣವನ್ನು ಪೌಲನು ಕೂಡ ಒಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ಯಾರೂ ತಪ್ಪು ಹೊರಿಸದಂತೆ ಸಭೆಗಳು ಆರಿಸಿದವರನ್ನು ಜೊತೆಗೆ ಸೇರಿಸಿಕೊಂಡನು.

ನಮ್ಮ ಪಿ.ಎಫ್. ಕೂಡ ಅಂಥ ಒಂದು ಪೆಟ್ಟಿಗೆಯೇ. 1951ರ ನವೆಂಬರಿನಲ್ಲಿ ಸುಗ್ರೀವಾಜ್ಞೆಯಾಗಿ ಬಂದು 1952ರಲ್ಲಿ ಕಾನೂನಾಯಿತು. ಮೊದಲು ಸೇರಿದ್ದು ಬಟ್ಟೆ, ಸಿಮೆಂಟು, ಕಬ್ಬಿಣ-ಉಕ್ಕು, ಕಾಗದ, ಸಿಗರೇಟು, ಎಂಜಿನಿಯರಿಂಗ್ ಎಂಬ ಆರು ಉದ್ಯಮಗಳು. ಕಾಫಿ, ರಬ್ಬರ್, ಏಲಕ್ಕಿ, ಮೆಣಸಿನ ತೋಟಗಳೂ ಅಸ್ಸಾಮಿನ ಹೊರಗಿನ ಚಹಾ ತೋಟಗಳೂ ಸೇರಿದ್ದು 1957ರಲ್ಲಿ. ಆರಂಭದಲ್ಲಿ ರೂಪಾಯಿಗೆ ಒಂದಾಣೆ, ಅಂದರೆ ನೂರಕ್ಕೆ ಆರೂಕಾಲು ಹಿಡಿಯುತ್ತಿದ್ದರು. ಈಗ ಸಾಮಾನ್ಯವಾಗಿ ನೂರಕ್ಕೆ 12. ಮಾಲೀಕರೂ ಅಷ್ಟೇ ಹಾಕಬೇಕು. ಅವರ ಪಾಲಿನಲ್ಲಿ ಹೆಚ್ಚಿನದು, 8.33, ಪಿಂಚಣಿಗೆ ಹೋಗುತ್ತದೆ.

ಹೀಗೆ ಕೂಡಿದ ಹಣ ಇಂದು 20 ಲಕ್ಷ ಕೋಟಿ ರೂಪಾಯಿಯನ್ನು ಮೀರಿದೆ. ಇದನ್ನು ಕಾಯಲು ಕೇಂದ್ರೀಯ ಟ್ರಸ್ಟಿಗಳ ಮಂಡಳಿ ಎಂಬುದಿದೆ. ಟ್ರಸ್ಟಿ ಎಂದರೆ ಸತ್ಯವೇದದ ಮಾತಿನಲ್ಲಿ ಮನೆವಾರ್ತೆಯವನು. ಯಜಮಾನನ ಆಸ್ತಿಯನ್ನು ನೋಡಿಕೊಳ್ಳುವವನು, ಯಜಮಾನನಲ್ಲ. ಕೇಂದ್ರದ ಕಾರ್ಮಿಕ ಮಂತ್ರಿ ಅಧ್ಯಕ್ಷರು. ಕೇಂದ್ರದ ಅಧಿಕಾರಿಗಳು, ರಾಜ್ಯಗಳ ಪ್ರತಿನಿಧಿಗಳು, ಮಾಲೀಕರ ಕಡೆಯ 10 ಮಂದಿ, ಕೆಲಸಗಾರರ ಕಡೆಯ 10 ಮಂದಿ. ಸಾಮಾಜಿಕ ಭದ್ರತೆಯ ಹೊಸ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿತಲ್ಲ, ಅದರಲ್ಲಿಯೂ ಕೆಲಸಗಾರರಿಗೆ ಈ ಹತ್ತು ಕುರ್ಚಿಗಳಿವೆ. ಆ ಹತ್ತು ಮಂದಿಯನ್ನು ನಾವು ಓಟು ಹಾಕಿ ಕಳಿಸುವುದಿಲ್ಲ. ಕಾರ್ಮಿಕ ಸಂಘಗಳನ್ನು ವಿಚಾರಿಸಿ ಸರಕಾರವೇ ನೇಮಿಸುತ್ತದೆ. ನನ್ನ ಮಟ್ಟಿಗೆ ಇದೇ ದೊಡ್ಡ ಕೊರತೆ. ಆದರೆ ಕುರ್ಚಿ ಇದೆ. ಅಲ್ಲಿ ಕೂತವರ ಸಂಘ ಯಾವುದೆಂದು ತಿಳಿದರೆ ಆ ಸಂಘದವರನ್ನು ಕೇಳಬಹುದು.

ಟ್ರಸ್ಟಿಗಳ ಮಾತು ಎಲ್ಲಿಯವರೆಗೆ ನಡೆಯುತ್ತದೆ? 2016ನೆಯ ವರ್ಷವನ್ನು ನೆನಪಿಸಿಕೊಳ್ಳಿ. ಫೆಬ್ರವರಿಯಲ್ಲಿ ಮಂಡಳಿ ಆ ಸಾಲಿಗೆ ನೂರಕ್ಕೆ 8.8 ಬಡ್ಡಿ ಎಂದು ಹೇಳಿತು. ಮಂಡಳಿ ಹೇಳಿದ್ದಕ್ಕೆ ಹಣಕಾಸು ಇಲಾಖೆಯ ಒಪ್ಪಿಗೆ ಬೇಕು. ಇಲಾಖೆ ಅದನ್ನು 8.7ಕ್ಕೆ ಇಳಿಸಿತು. ಒಂದು ದಶಾಂಶ ಏನು ಮಹಾ ಎನ್ನಬೇಡಿ. ಟ್ರಸ್ಟಿಗಳು ಕೂತು ಲೆಕ್ಕ ಹಾಕಿ ಹೇಳಿದ್ದನ್ನು ಮತ್ತೊಬ್ಬರು ಅಳಿಸಬಹುದಾದರೆ ಟ್ರಸ್ಟಿಗಳು ಯಾತಕ್ಕೆ? ಎಲ್ಲಾ ಬಣ್ಣದ ಸಂಘಗಳೂ ವಿರೋಧಿಸಿದವು. ಏಪ್ರಿಲ್ 29ರಂದು 8.8 ಮರಳಿ ಬಂತು.

ಅದೇ ಏಪ್ರಿಲಿನಲ್ಲಿ ಬೆಂಗಳೂರಿನ ಗಾರ್ಮೆಂಟ್ ಹೆಣ್ಣುಮಕ್ಕಳು ಬೀದಿಗೆ ಬಂದರು. ಮಾಲೀಕರು ಹಾಕಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಫೆಬ್ರವರಿಯಲ್ಲಿ ಅಧಿಸೂಚನೆ ಹೊರಟಿತ್ತು. ದಿಲ್ಲಿಯಲ್ಲಿ ಕೂತು ನೋಡಿದರೆ ಅದು ಮುಪ್ಪಿಗೆ ಮಾಡಿದ ಒಳ್ಳೆಯ ಏರ್ಪಾಡು. ಹೊಲಿಗೆ ಮೆಷಿನ್ನಿನ ಮುಂದೆ ಕೂತವಳಿಗೆ ಅದು ಮಗಳ ಮದುವೆ, ಮಗನ ಫೀಸು, ಊರಿನ ಸಾಲ. 58ರವರೆಗೆ ಯಾವ ಫ್ಯಾಕ್ಟರಿ ತನ್ನನ್ನು ಇಟ್ಟುಕೊಳ್ಳುತ್ತದೆ ಎಂದು ಅವಳು ಕೇಳಿದಳು. ಏಪ್ರಿಲ್ 18, 19ರಂದು ಹೊಸೂರು ರಸ್ತೆ ತುಂಬಿಹೋಯಿತು. ಯಾವ ದೊಡ್ಡ ಮುಖಂಡನೂ ಅವರನ್ನು ಕರೆದಿರಲಿಲ್ಲ. ಬಸ್ಸುಗಳಿಗೆ ಬೆಂಕಿ ಬಿತ್ತು, ಲಾಠಿ ಬೀಸಿತು. ಅದನ್ನು ನಾನು ಹೊಗಳಲಾರೆ. ಆದರೆ 19ರಂದೇ ಸರಕಾರ ಆ ಅಧಿಸೂಚನೆಯನ್ನು ಹಿಂತೆಗೆದುಕೊಂಡಿತು. ಆ ಹೆಣ್ಣುಮಕ್ಕಳಿಗೆ ಟ್ರಸ್ಟಿಗಳ ಹೆಸರು ಗೊತ್ತಿರಲಿಕ್ಕಿಲ್ಲ. ಹಣ ತಮ್ಮದು ಎಂಬುದು ಗೊತ್ತಿತ್ತು.

ಕಾಯುವವರು ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಪ್ರದೇಶವನ್ನು ನೋಡಿ. ಅಲ್ಲಿನ ವಿದ್ಯುತ್ ನೌಕರರ ನಿಧಿಗೆ ಬೇರೆಯೇ ಟ್ರಸ್ಟ್ ಇತ್ತು. ಅದು 2017ರಿಂದ 4,100 ಕೋಟಿಗೂ ಹೆಚ್ಚು ಹಣವನ್ನು ಡಿ.ಎಚ್.ಎಫ್.ಎಲ್. ಎಂಬ ಒಂದೇ ಖಾಸಗಿ ಗೃಹಸಾಲ ಸಂಸ್ಥೆಯಲ್ಲಿ ಇಟ್ಟಿತು. 2019ರಲ್ಲಿ ಆ ಸಂಸ್ಥೆ ಕುಸಿದಾಗ 2,200 ಕೋಟಿಗೂ ಹೆಚ್ಚು ಸಿಕ್ಕಿಬಿತ್ತು. ಟ್ರಸ್ಟಿನ ಕಾರ್ಯದರ್ಶಿಯ ಬಂಧನವಾಯಿತು. ಕಂಬ ಹತ್ತಿ ದುಡಿದವರು ತಮ್ಮ ಹಣಕ್ಕಾಗಿ ಮುಷ್ಕರ ಮಾಡಬೇಕಾಯಿತು. ನಮ್ಮ ನಿಧಿಯೂ 2015ರ ಆಗಸ್ಟಿನಿಂದ ಹೊಸದಾಗಿ ಬರುವ ಹಣದ ಒಂದು ಪಾಲನ್ನು ಶೇರು ಪೇಟೆಯಲ್ಲಿ ಹಾಕುತ್ತಿದೆ. ಮೊದಲು ನೂರಕ್ಕೆ 5, ಅನಂತರ 10, ಆಮೇಲೆ 15. ಕಾರ್ಮಿಕ ಟ್ರಸ್ಟಿಗಳು ಬೇಡವೆಂದಿದ್ದರು. ಇದುವರೆಗೆ ನಷ್ಟವಾಯಿತೆಂದು ನಾನು ಹೇಳುವುದಿಲ್ಲ. ಆದರೆ ಶೇರು ಇಳಿದ ವರ್ಷ ಆ ಹತ್ತು ಮಂದಿ ಏನು ಕೇಳಿದರು ಎಂಬುದು ನಮಗೆ ತಿಳಿಯಬೇಡವೇ?

ಇದೆಲ್ಲಾ ಪೆಟ್ಟಿಗೆಯೊಳಗೆ ಹಣ ಬಿದ್ದವರ ಮಾತು. ಇಚಲಕರಂಜಿಯ ಸಣ್ಣ ಶೆಡ್ಡುಗಳಲ್ಲಿ ಇಪ್ಪತ್ತು ಜನ ಇಲ್ಲದ ಕಡೆ ಕಾನೂನು ತಾನಾಗಿ ಅನ್ವಯಿಸುವುದಿಲ್ಲ. ಶಿರೋಳ ತಾಲೂಕಿನ ಗದ್ದೆಗಳಲ್ಲಿ ಕಬ್ಬು ಕಡಿಯುವ ಗುಂಪುಗಳ ಚೀಟಿಯಲ್ಲಿ ಪಿ.ಎಫ್. ಎಂಬ ಸಾಲೇ ಇಲ್ಲ. ಅವರ ಪರವಾಗಿ ಮಂಡಳಿಯಲ್ಲಿ ಮಾತಾಡುವವರು ಯಾರೆಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

2025ರ ಅಕ್ಟೋಬರ್ 13ರಂದು ಮಂಡಳಿ ಇನ್ನೊಂದು ತೀರ್ಮಾನ ಮಾಡಿತು. ಅಗತ್ಯಕ್ಕೆ ಹಣ ತೆಗೆಯುವ 13 ಬಗೆಯ ನಿಯಮಗಳನ್ನು ಮೂರಕ್ಕೆ ಇಳಿಸಬೇಕು, ನಾಲ್ಕರಲ್ಲಿ ಒಂದು ಪಾಲು ಖಾತೆಯಲ್ಲೇ ಉಳಿಯಬೇಕು, ಕೆಲಸ ಹೋದವರು ಪೂರ್ತಿ ಹಣ ಪಡೆಯಲು ಎರಡು ತಿಂಗಳ ಬದಲು ಹನ್ನೆರಡು ತಿಂಗಳು ಕಾಯಬೇಕು ಎಂದು. ಇದರಲ್ಲಿ ಒಳ್ಳೆಯದೂ ಇದೆ. ಆದರೆ ಬೆಳೆ ಇಲ್ಲದ ವರ್ಷ ತೋಟದಿಂದ ಹೊರಬಿದ್ದ ಕುಟುಂಬಕ್ಕೆ ಹನ್ನೆರಡು ತಿಂಗಳು ಎಂದರೇನೆಂದು ನಿಮಗೆ ಗೊತ್ತು. ನಿಮ್ಮ ಸಂಘದ ಮೂಲಕ ಇದನ್ನು ಬರೆದು ತಿಳಿಸಿ.

ಒಂದು ಮಾತು ಮರೆಯಬೇಡಿ. ನಿಮ್ಮಿಂದ ಹಿಡಿದ ಹಣವನ್ನು ಮಾಲೀಕರು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಹಿಡಿದು ಕಟ್ಟದಿದ್ದರೆ ಕಾನೂನಿನಲ್ಲಿ ಅದು ನಂಬಿಕೆದ್ರೋಹದ ಅಪರಾಧ. ಹಂಗಾಮಿ ಕೆಲಸಗಾರರಿಗೂ ಕಂತ್ರಾಟಿನವರಿಗೂ ಈ ಹಕ್ಕು ಇದೆ. ಕಟ್ಟಿದ್ದಾರೋ ಇಲ್ಲವೋ ಎಂಬುದನ್ನು ಮೊಬೈಲಿನಲ್ಲೇ ಪಾಸ್‌ಬುಕ್ ತೆರೆದು ನೋಡಬಹುದು. ನಿಮ್ಮ ಮನೆಯ ಓದಿದ ಹುಡುಗಿಯೇ ಸಾಕು.

ಪ್ರಾರ್ಥನೆ ಮುಗಿದ ಮೇಲೆ ಹಿಂದಿನ ಮೇಜಿನ ಹತ್ತಿರ ನಾನೂ ಇಬ್ಬರು ತಮ್ಮಂದಿರೂ ಕೂತಿರುತ್ತೇವೆ. ಆಧಾರ್ ಕಾರ್ಡು, ಸಂಬಳದ ಚೀಟಿ, ಹಳೆಯ ತೋಟದ ಕಾಗದ ಏನಿದ್ದರೂ ತನ್ನಿ. ಎರಡು ತೋಟಗಳಲ್ಲಿ ಎರಡು ಹೆಸರಿರುವವರು ಮೊದಲು ಬನ್ನಿ.